ಬಿಲಾಲರ ನಂತರ ಯಾರು?



ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಏಳನೇ ತರಗತಿಯ ಹುಡುಗಿಯೊಬ್ಬಳು ನನ್ನಲ್ಲಿ ಒಂದು ಪ್ರಶ್ನೆ ಕೇಳಿದಳು. ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಉತ್ತರ ಗೊತ್ತಿಲ್ಲದೆ ನಿಂತದ್ದು ಅದೇ ಮೊದಲ ಸಲವೇನೂ ಅಲ್ಲ. ಆದರೆ ಉತ್ತರ ಗೊತ್ತಿಲ್ಲವಲ್ಲಾ ಎಂದು ನಾಚಿಕೆಯಾದದ್ದು ಅದೇ ಮೊದಲು.

ಹುಡುಗಿ ಹಳಿಯಾಳದ ಕಡೆಯವಳು, ಸಿದ್ದಿ ಸಮುದಾಯದವಳು. ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಸಿದ್ದಿಗಳ ಪೂರ್ವಜರು ಆಫ್ರಿಕಾದಿಂದ ಬಂದವರೆಂದು ನಿಮಗೆ ಗೊತ್ತಿರಬಹುದು. ಅವರಲ್ಲಿ ಮುಸ್ಲಿಮರಿದ್ದಾರೆ, ಹಿಂದೂಗಳಿದ್ದಾರೆ, ಕ್ರೈಸ್ತರೂ ಇದ್ದಾರೆ. ಅವಳ ಕೂದಲನ್ನು ಹಿಡಿದೆಳೆದು ಯಾರೋ ತಮಾಷೆ ಮಾಡಿದ್ದರು, ಮತ್ತೊಬ್ಬಳು ಬಣ್ಣದ ಬಗ್ಗೆ ಏನೋ ಅಂದಿದ್ದಳು. ದೂರು ನನ್ನ ಬಳಿಗೆ ಬಂತು. ಇಂತಹ ಸಂದರ್ಭದಲ್ಲಿ ನನ್ನಂತಹ ಟೀಚರ್ ಏನು ಮಾಡುತ್ತಾರೆ ಹೇಳಿ? ಹಝ್ರತ್ ಬಿಲಾಲ್(ರ) ಅವರ ಕಥೆ ಹೇಳುತ್ತಾರೆ. ನಾನೂ ಹೇಳಿದೆ. ಮಕ್ಕಾದ ಸುಡುವ ಮರಳು, ಎದೆಯ ಮೇಲಿನ ಬಂಡೆ, ಅಬೂಬಕರ್ ಸಿದ್ದೀಕ್(ರ) ಹಣ ತೆತ್ತು ಬಿಡುಗಡೆ ಮಾಡಿದ್ದು, ಮಕ್ಕಾ ವಿಜಯದ ದಿನ ಕಅಬಾದ ಮೇಲೆ ನಿಂತು ಅದಾನ್ ಕೊಟ್ಟದ್ದು. ತರಗತಿ ಸ್ತಬ್ಧವಾಗಿತ್ತು. ತಮಾಷೆ ಮಾಡಿದವಳು ತಲೆ ತಗ್ಗಿಸಿದಳು. ನನ್ನ ಕೆಲಸ ಮುಗಿಯಿತು ಎಂದುಕೊಂಡೆ.

ಆಗ ಅವಳೇ ಕೈ ಎತ್ತಿದಳು. "ಟೀಚರ್, ಈ ಕಥೆ ನನಗೆ ಗೊತ್ತು. ನನಗೆ ಯಾರಾದರೂ ಏನಾದರೂ ಅಂದಾಗೆಲ್ಲ ಇದೇ ಕಥೆ ಹೇಳ್ತಾರೆ. ಬಿಲಾಲರ ನಂತರ ಯಾರು?"

ನನ್ನ ಬಗ್ಗೆ ಸ್ವಲ್ಪ ಹೇಳಬೇಕು. ನಾನು ಅರಬಿಕ್ ಕಾಲೇಜಿನಲ್ಲಿ ಕಲಿತವಳು. ಮದುವೆಯಾಗಿ, ಎರಡು ಮಕ್ಕಳಾದ ಮೇಲೆ ಅಂಚೆ ಶಿಕ್ಷಣದ ಮೂಲಕ ಬಿ.ಎ. ಮುಗಿಸಿದೆ. ಮದ್ರಸದಲ್ಲಿ ಕಪ್ಪು ಬಣ್ಣದ ಮಾತು ಬಂದರೆ ಹಝ್ರತ್ ಬಿಲಾಲ್(ರ). ಬಿ.ಎ.ಯಲ್ಲಿ ಅಮೆರಿಕದ ಇತಿಹಾಸ ಓದುವಾಗ ಕರಿಯರು ಎಂದರೆ ಹತ್ತು ಅಂಕದ ಒಂದು ಪ್ರಶ್ನೆ, ಅದಕ್ಕೆ ಉತ್ತರ ಅಬ್ರಹಾಂ ಲಿಂಕನ್. ಎರಡೂ ಕಡೆ ನಾವು ಹೇಳುವ ಕಥೆ ಬಿಡುಗಡೆಯ ಹತ್ತಿರ ಬಂದು ನಿಲ್ಲುತ್ತದೆ. ಯಾರೋ ಒಬ್ಬರು ಬಿಡಿಸಿದರು, ಕಥೆ ಮುಗಿಯಿತು. ಬಿಡುಗಡೆಯಾದವರು ಆ ಮೇಲೆ ಏನು ಓದಿದರು, ಏನು ಬರೆದರು, ಯಾವ ಚಿತ್ರ ಬಿಡಿಸಿದರು, ಮಕ್ಕಳಿಗೆ ಯಾವ ಕಥೆ ಹೇಳಿದರು ಎಂದು ನಾನೂ ಕೇಳಿರಲಿಲ್ಲ, ನನ್ನ ಗುರುಗಳೂ ಕೇಳಿರಲಿಲ್ಲ.

ಆ ಹುಡುಗಿಗಾಗಿ ಹುಡುಕತೊಡಗಿದೆ. ಹುಡುಕುತ್ತಾ ಹೋದಾಗ, ಅವಳಂತೆಯೇ ಪ್ರಶ್ನೆ ಹೊತ್ತುಕೊಂಡ ಇನ್ನೊಂದು ಮಗು ಸಿಕ್ಕಿತು. ಅದೂ ಸುಮಾರು ನೂರ ನಲ್ವತ್ತು ವರ್ಷಗಳ ಹಿಂದೆ, ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪದಲ್ಲಿ.

ಆ ಮಗುವಿನ ಹೆಸರು ಆರ್ಟುರೊ ಶಾಂಬರ್ಗ್. ಹುಟ್ಟಿದ್ದು 1874ರಲ್ಲಿ. ತಾಯಿ ಕಪ್ಪು ವರ್ಣದವರು, ತಂದೆ ಜರ್ಮನ್ ಮೂಲದ ಕುಟುಂಬದವರು. ಶಾಲೆಯಲ್ಲಿ ಶಿಕ್ಷಕರೊಬ್ಬರು, ಕಪ್ಪು ಜನರಿಗೆ ಇತಿಹಾಸವೇ ಇಲ್ಲ, ವೀರರಿಲ್ಲ, ಹೇಳಿಕೊಳ್ಳುವಂತಹ ಸಾಧನೆಯೂ ಇಲ್ಲ ಎಂದು ಆ ಹುಡುಗನಿಗೆ ಹೇಳಿದರಂತೆ. ಶಿಕ್ಷಕಿಯಾದ ನನಗೆ ಇದನ್ನು ಓದುವಾಗ ಕೈ ನಡುಗಿತು. ಒಂದು ಪೀರಿಯಡ್‌ನಲ್ಲಿ ಬಾಯಿತಪ್ಪಿ ಆಡಿದ ಮಾತನ್ನು ಒಂದು ಮಗು ಅರುವತ್ತು ವರ್ಷ ಹೊತ್ತು ತಿರುಗಬಹುದು. ಈ ಹುಡುಗನಂತೂ ಆ ಮಾತು ಸುಳ್ಳೆಂದು ತೋರಿಸಲು ಇಡೀ ಆಯುಷ್ಯವನ್ನೇ ಕೊಟ್ಟ.

1891ರಲ್ಲಿ, ಹದಿನೇಳನೇ ವಯಸ್ಸಿನಲ್ಲಿ, ಅವರು ನ್ಯೂಯಾರ್ಕಿಗೆ ಬಂದರು. ದೊಡ್ಡ ಪದವಿಯೇನೂ ಇರಲಿಲ್ಲ. ವಕೀಲರ ಕಚೇರಿಯೊಂದರಲ್ಲಿ ಕಾಗದ ಪತ್ರ ಮುಟ್ಟಿಸುವ ಕೆಲಸ ಮಾಡಿದರು. 1906ರಿಂದ ಬ್ಯಾಂಕೊಂದರ ಟಪಾಲು ವಿಭಾಗದಲ್ಲಿ ಗುಮಾಸ್ತೆ. ಆದರೆ ಸಂಬಳ ಬಂದರೆ ಹಳೆಯ ಪುಸ್ತಕದ ಅಂಗಡಿ. ಕಪ್ಪು ಮನುಷ್ಯರು ಬರೆದ, ಅವರ ಬಗ್ಗೆ ಬರೆದ ಏನೇ ಸಿಕ್ಕಿದರೂ ಕೊಂಡರು. ವಿದೇಶದಲ್ಲಿರುವ ಗೆಳೆಯರಿಗೆ ಕಾಗದ ಬರೆದು ತರಿಸಿಕೊಂಡರು. ಬ್ರೂಕ್ಲಿನ್‌ನ ಅವರ ಮನೆ ಪುಸ್ತಕಗಳಿಂದ ತುಂಬಿಹೋಯಿತು. (ಆ ಮನೆಯ ಗೃಹಿಣಿ ಗುಡಿಸುವುದು ಎಲ್ಲಿ, ಒರೆಸುವುದು ಎಲ್ಲಿ ಎಂದು ನನಗೆ ಯೋಚನೆಯಾಯಿತು. ಇತಿಹಾಸಕಾರರು ಇಂತಹದನ್ನು ಬರೆಯುವುದಿಲ್ಲ.)

ಏನೇನು ಸಿಕ್ಕಿತು ಕೇಳಿ. ಫಿಲಿಸ್ ವೀಟ್ಲಿ ಎಂಬ ಕವಯಿತ್ರಿಯ ಪುಸ್ತಕಗಳು. ಏಳೆಂಟು ವರ್ಷದ ಮಗುವಾಗಿದ್ದಾಗ ಆಫ್ರಿಕಾದಿಂದ ಹಿಡಿದು ತಂದು 1761ರಲ್ಲಿ ಬಾಸ್ಟನ್‌ನಲ್ಲಿ ಮಾರಿದರು. ಆ ಮಗುವನ್ನು ತಂದ ಹಡಗಿನ ಹೆಸರೇ ಫಿಲಿಸ್. ಅದನ್ನೇ ಮಗುವಿಗೂ ಇಟ್ಟರು. ಆಕೆ ಇಂಗ್ಲಿಷ್ ಕಲಿತು ಬರೆದ ಕವನ ಸಂಕಲನ 1773ರಲ್ಲಿ ಲಂಡನ್‌ನಲ್ಲಿ ಅಚ್ಚಾಯಿತು. ಆ ಪುಸ್ತಕದ ಆರಂಭದಲ್ಲಿ ಬಾಸ್ಟನ್‌ನ ಹದಿನೆಂಟು ಮಂದಿ ಪ್ರತಿಷ್ಠಿತ ಗಂಡಸರ ಹೆಸರುಗಳಿವೆ, ಇದನ್ನು ಬರೆದದ್ದು ಈ ಹುಡುಗಿಯೇ ಎಂಬ ದೃಢೀಕರಣದೊಂದಿಗೆ! ನಿಮ್ಮ ಮಗಳು ಬರೆದ ಪ್ರಬಂಧವನ್ನು ನಂಬಲು ಊರಿನ ಹದಿನೆಂಟು ಮಂದಿ ಸಹಿ ಹಾಕಬೇಕಾದರೆ ಹೇಗಿರುತ್ತದೆ, ಒಮ್ಮೆ ಯೋಚಿಸಿ ನೋಡಿ.

ಇನ್ನೊಂದು, ಗ್ರಾನಡಾದ ಹುವಾನ್ ಲಾಟಿನೊ ಎಂಬ ಕಪ್ಪು ವಿದ್ವಾಂಸನ ಲ್ಯಾಟಿನ್ ಕಾವ್ಯ, 1573ರಲ್ಲಿ ಅಚ್ಚಾದದ್ದು. ಗ್ರಾನಡಾ ಎಂದರೆ ನಮಗೆ ಅಲ್‌ಹಮ್ರಾ ಅರಮನೆಯ ನೆನಪು. ಅದೇ ಊರಿನಲ್ಲಿ, ಮುಸ್ಲಿಮರ ಆಡಳಿತ ಹೋದ ಮೇಲೆ, ಗುಲಾಮನಾಗಿದ್ದವನೊಬ್ಬ ಲ್ಯಾಟಿನ್ ಅಧ್ಯಾಪಕನಾಗಿದ್ದ ಎಂಬುದು ನನಗೆ ತಿಳಿದಿರಲಿಲ್ಲ. ಹೈತಿ ದ್ವೀಪದ ಗುಲಾಮರ ದಂಗೆಗೆ ನಾಯಕನಾದ ಟೂಸಾಂ ಲೂವೆರ್ಚರ್‌ನ ಪತ್ರಗಳೂ ಆ ಸಂಗ್ರಹದಲ್ಲಿದ್ದವು. ಒಟ್ಟು ಐದು ಸಾವಿರಕ್ಕೂ ಹೆಚ್ಚು ಪುಸ್ತಕಗಳು, ಮೂರು ಸಾವಿರ ಹಸ್ತಪ್ರತಿಗಳು, ಎರಡು ಸಾವಿರ ಚಿತ್ರಗಳು, ಲೆಕ್ಕವಿಲ್ಲದಷ್ಟು ಕರಪತ್ರಗಳು. ಇದೆಲ್ಲ ಒಬ್ಬ ಟಪಾಲು ಗುಮಾಸ್ತನ ಗಳಿಕೆ.

ಆದರೆ ಸಹೋದರಿಯರೇ, ಒಬ್ಬರ ಮನೆಯಲ್ಲಿ ಕೂಡಿಟ್ಟದ್ದು ಆ ಮನೆಯವರಿಗೆ ಮಾತ್ರ. ಅದು ಬೀದಿಯ ಮಗುವಿಗೆ ಸಿಗಬೇಕಾದರೆ ಬಾಗಿಲು ತೆರೆದ ಇನ್ನೊಂದು ಮನೆ ಬೇಕು. ಆ ಮನೆ ನ್ಯೂಯಾರ್ಕಿನ ಹಾರ್ಲೆಮ್ ಎಂಬಲ್ಲಿ, 135ನೇ ಬೀದಿಯಲ್ಲಿತ್ತು. ಅದೊಂದು ಸಾಧಾರಣ ಬಡಾವಣೆ ಲೈಬ್ರರಿ, 1905ರಲ್ಲಿ ಆರಂಭವಾದದ್ದು. ಮುಂದಿನ ವರ್ಷಗಳಲ್ಲಿ ದಕ್ಷಿಣದ ರಾಜ್ಯಗಳಿಂದ, ಕೆರಿಬಿಯನ್ ದ್ವೀಪಗಳಿಂದ ಕಪ್ಪು ಜನರು ಬಂದು ಹಾರ್ಲೆಮ್‌ನಲ್ಲಿ ನೆಲೆಸಿದರು. 1920ರಲ್ಲಿ ಅರ್ನೆಸ್ಟೀನ್ ರೋಸ್ ಎಂಬ ಬಿಳಿಯ ಮಹಿಳೆ ಅಲ್ಲಿಗೆ ಮುಖ್ಯ ಗ್ರಂಥಪಾಲಕಿಯಾಗಿ ಬಂದರು. ಓದುವವರು ಕಪ್ಪು ಜನ, ಪುಸ್ತಕ ಕೊಡುವವರೆಲ್ಲ ಬಿಳಿಯರು, ಇದು ಸರಿಯಲ್ಲ ಎಂದು ಅವರಿಗೆ ಅನಿಸಿತು. ಕ್ಯಾಥರಿನ್ ಲ್ಯಾಟಿಮರ್ ಎಂಬ ಯುವತಿಯನ್ನು ಕೆಲಸಕ್ಕೆ ತೆಗೆದುಕೊಂಡರು. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಲ್ಲಿ ಆಕೆಯೇ ಮೊದಲ ಕಪ್ಪು ಗ್ರಂಥಪಾಲಕಿ. ಸಂಜೆ ಉಪನ್ಯಾಸಗಳು, ಮಕ್ಕಳಿಗೆ ಕಥೆಯ ಹೊತ್ತು, 1921ರಲ್ಲಿ ಕಪ್ಪು ಕಲಾವಿದರ ಚಿತ್ರ ಪ್ರದರ್ಶನ, ಹೀಗೆ ಲೈಬ್ರರಿ ಊರಿನ ಚಾವಡಿಯಾಯಿತು.

1925ರಲ್ಲಿ ಆ ಕಟ್ಟಡದ ಮೂರನೇ ಮಹಡಿಯಲ್ಲಿ ಕಪ್ಪು ಜನರ ಸಾಹಿತ್ಯ ಮತ್ತು ಇತಿಹಾಸಕ್ಕಾಗಿಯೇ ಒಂದು ವಿಭಾಗ ತೆರೆದರು. ಮರುವರ್ಷ ಕಾರ್ನೆಗಿ ಸಂಸ್ಥೆ ಕೊಟ್ಟ ಹತ್ತು ಸಾವಿರ ಡಾಲರ್‌ಗಳಿಂದ ಶಾಂಬರ್ಗ್ ಅವರ ಇಡೀ ಸಂಗ್ರಹವನ್ನು ಕೊಂಡು ಅಲ್ಲಿಟ್ಟರು. 1932ರಿಂದ ಸಾಯುವ ತನಕ, ಅಂದರೆ 1938ರ ತನಕ, ಅದೇ ಪುಸ್ತಕಗಳ ನಡುವೆ ಪಾಲಕರಾಗಿ ಶಾಂಬರ್ಗ್ ಕುಳಿತಿದ್ದರು. ಈಗ ಅದಕ್ಕೆ ಅವರ ಹೆಸರೇ ಇದೆ: ಶಾಂಬರ್ಗ್ ಸೆಂಟರ್. 2025ರಲ್ಲಿ ನೂರು ವರ್ಷ ಪೂರೈಸಿತು.

ಶಾಂಬರ್ಗರ ಪುಸ್ತಕಗಳು ಲೈಬ್ರರಿ ಸೇರಿದ 1926ರಲ್ಲೇ, ಫೆಬ್ರವರಿಯಲ್ಲಿ, ಕಾರ್ಟರ್ ವುಡ್ಸನ್ ಎಂಬವರು ಕಪ್ಪು ಜನರ ಇತಿಹಾಸಕ್ಕಾಗಿ ಒಂದು ವಾರವನ್ನು ಆಚರಿಸಲು ಕರೆ ಕೊಟ್ಟರು. ಇವರ ತಂದೆ ತಾಯಿ ಗುಲಾಮರಾಗಿದ್ದವರು. ಇವರು ಕಲ್ಲಿದ್ದಲ ಗಣಿಯಲ್ಲಿ ದುಡಿದು, ಇಪ್ಪತ್ತರ ಹೊತ್ತಿಗೆ ಹೈಸ್ಕೂಲು ಸೇರಿ, 1912ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್ ಪಡೆದರು. ವಾರವೆಂದರೆ ಬರೀ ಮೆರವಣಿಗೆಯಲ್ಲ. ಶಿಕ್ಷಕರಿಗೆ ಪಾಠದ ಸಾಮಗ್ರಿ, ಮಕ್ಕಳು ಆಡಬಹುದಾದ ನಾಟಕ, ಗೋಡೆಗೆ ಹಾಕುವ ಚಿತ್ರ ಇವನ್ನೆಲ್ಲ ಒದಗಿಸಿದರು. 1976ರಲ್ಲಿ ಅದು ಇಡೀ ತಿಂಗಳಾಯಿತು. ಈಗ ಫೆಬ್ರವರಿ ಬಂದರೆ ಅಮೆರಿಕದ ಲೈಬ್ರರಿಗಳಲ್ಲಿ ಕಥೆ, ಚಿತ್ರ, ಹಾಡು, ಪ್ರದರ್ಶನ. ಒಂದು ತಿಂಗಳು ಭಾಷಣ ಮಾಡಿ ಮಾರ್ಚಿನಲ್ಲಿ ಮರೆಯುತ್ತಾರೆ ಎಂಬ ಆಕ್ಷೇಪ ಅಲ್ಲಿಯೂ ಇದೆ. ರಬೀಉಲ್ ಅವ್ವಲ್‌ನಲ್ಲಿ ನಮ್ಮಲ್ಲಿ ನಡೆಯುವುದನ್ನು ಕಂಡವರಿಗೆ ಅದು ಅರ್ಥವಾದೀತು.

ಆಗ ಎಲ್ಲ ಕಡೆ ಲೈಬ್ರರಿಯ ಬಾಗಿಲು ತೆರೆದಿತ್ತು ಎಂದುಕೊಳ್ಳಬೇಡಿ. 1939ರ ಆಗಸ್ಟ್ 21ರಂದು ವರ್ಜೀನಿಯಾ ರಾಜ್ಯದ ಅಲೆಕ್ಸಾಂಡ್ರಿಯಾ ಊರಿನಲ್ಲಿ ಐವರು ಕಪ್ಪು ಯುವಕರು ಲೈಬ್ರರಿಗೆ ಹೋಗಿ ಸದಸ್ಯತ್ವದ ಕಾರ್ಡು ಕೇಳಿದರು. ಕೊಡಲಿಲ್ಲ. ಅವರು ಒಂದೊಂದು ಪುಸ್ತಕ ತೆಗೆದುಕೊಂಡು, ಬೇರೆ ಬೇರೆ ಮೇಜಿನಲ್ಲಿ ಕುಳಿತು, ಸದ್ದಿಲ್ಲದೆ ಓದತೊಡಗಿದರು. ಪೊಲೀಸರು ಬಂದು ಬಂಧಿಸಿದರು. ಅಪರಾಧ? ಓದಿದ್ದು. ಮರುವರ್ಷ ಊರಿನವರು ಕಪ್ಪು ಜನರಿಗಾಗಿ ಬೇರೆಯೇ ಒಂದು ಚಿಕ್ಕ ಲೈಬ್ರರಿ ಕಟ್ಟಿಸಿದರು. ಈ ಪ್ರತಿಭಟನೆಯನ್ನು ರೂಪಿಸಿದ್ದ ವಕೀಲ ಸ್ಯಾಮುವೆಲ್ ಟಕರ್ ಆ ಲೈಬ್ರರಿಯ ಕಾರ್ಡು ನನಗೆ ಬೇಡ ಎಂದರು.

ಮತ್ತೆ ಹಾರ್ಲೆಮ್‌ಗೆ ಬರೋಣ. ಇಡೀ ಕಥೆಯಲ್ಲಿ ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದವರು ಶಾಂಬರ್ಗ್ ಅಲ್ಲ. ಅಗಸ್ಟಾ ಬೇಕರ್ ಎಂಬ ಮಕ್ಕಳ ಗ್ರಂಥಪಾಲಕಿ. 1937ರಲ್ಲಿ 135ನೇ ಬೀದಿಯ ಲೈಬ್ರರಿಯಲ್ಲಿ ಕೆಲಸಕ್ಕೆ ಸೇರಿದರು. ಚಿಕ್ಕಂದಿನಲ್ಲಿ ಅಜ್ಜಿಯಿಂದ ಕಥೆ ಕೇಳಿ ಬೆಳೆದವರು. ಕಪಾಟಿನಲ್ಲಿದ್ದ ಮಕ್ಕಳ ಪುಸ್ತಕಗಳನ್ನು ತೆರೆದು ನೋಡಿದರೆ ಅವುಗಳಲ್ಲಿ ಕಪ್ಪು ಮನುಷ್ಯನೆಂದರೆ ದಪ್ಪ ತುಟಿಯ ವ್ಯಂಗ್ಯಚಿತ್ರ, ಮುರುಕು ಭಾಷೆ, ನಗೆಪಾಟಲು. ಈ ಪುಸ್ತಕಗಳನ್ನು ಓದುವವರು ಯಾರು? ಹಾರ್ಲೆಮ್‌ನ ಕಪ್ಪು ಮಕ್ಕಳು! ತನ್ನನ್ನೇ ಅಣಕಿಸುವ ಪುಸ್ತಕವನ್ನು ಮಗು ಮನೆಗೆ ಕೊಂಡುಹೋಗಿ ತಾಯಿಯ ಮುಂದೆ ಗಟ್ಟಿಯಾಗಿ ಓದಬೇಕು.

1939ರಲ್ಲಿ ಅವರು ಬೇರೆ ಪುಸ್ತಕಗಳನ್ನು ಆರಿಸಿಡಲು ಆರಂಭಿಸಿದರು. ಭಾಷೆ ಹೇಗಿದೆ, ವಿಷಯ ಏನು, ಚಿತ್ರ ಗೌರವದಿಂದ ಬಿಡಿಸಿದೆಯೇ ಎಂದು ಒಂದೊಂದನ್ನೂ ಪರೀಕ್ಷಿಸಿದರು. ಮೊದಮೊದಲು ಸಿಕ್ಕಿದ್ದು ಬಹಳ ಕಡಿಮೆ. ಆ ಪುಸ್ತಕಗಳ ಪಟ್ಟಿಯನ್ನು ಅಚ್ಚು ಹಾಕಿಸಿ ಹಂಚಿದರು. ಇಂತಹ ಪುಸ್ತಕ ಯಾಕಿಲ್ಲ ಎಂದು ಪ್ರಕಾಶಕರನ್ನೂ ಲೇಖಕರನ್ನೂ ಕೇಳತೊಡಗಿದರು. ಬರೆಯುವವರಿಲ್ಲ ಎಂದು ಸುಮ್ಮನಾಗಲಿಲ್ಲ. 1961ರಲ್ಲಿ ಇಡೀ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಮಕ್ಕಳ ವಿಭಾಗಕ್ಕೆ ಅವರೇ ಮುಖ್ಯಸ್ಥೆಯಾದರು.

ಅವರ ಬಗ್ಗೆ ಒಂದು ಘಟನೆ ಇದೆ. ಮುಂದೆ ಹೆಸರಾಂತ ಕವಯಿತ್ರಿಯಾದ ಆಡ್ರೆ ಲಾರ್ಡ್ ಇದನ್ನು ಬರೆದಿದ್ದಾರೆ. ಆಗ ಆಕೆಗೆ ನಾಲ್ಕು ವರ್ಷ. ದೃಷ್ಟಿ ತೀರಾ ಮಂದ. ತಾಯಿಯ ಜೊತೆ ಲೈಬ್ರರಿಗೆ ಬಂದ ಮಗು ನೆಲದ ಮೇಲೆ ಬಿದ್ದು ಹೊರಳಾಡಿ ಅರಚುತ್ತಿತ್ತು. ತಾಯಿಗೆ ಅವಮಾನ, ಸಿಟ್ಟು. ನಮಗೆಲ್ಲ ಗೊತ್ತಿರುವ ದೃಶ್ಯವೇ. ಗ್ರಂಥಪಾಲಕಿ ಬಂದು ಗದರಿಸಲಿಲ್ಲ. ನಿನಗೊಂದು ಕಥೆ ಹೇಳಲೇ ಎಂದು ಕೇಳಿ, ಹತ್ತಿರ ಕೂರಿಸಿಕೊಂಡು ಪುಸ್ತಕ ತೆರೆದರು. ಕಥೆಗಳು ಮುಗಿದಾಗ, ತನಗೂ ಓದಬೇಕು ಎಂದು ಮಗು ಹೇಳಿತು. ಆ ಗ್ರಂಥಪಾಲಕಿಯೇ ಅಗಸ್ಟಾ ಬೇಕರ್. ನಾನು ಇದನ್ನು ಓದಿದ ದಿನ ಬೆಳಗ್ಗೆಯಷ್ಟೇ ಒಂದನೇ ತರಗತಿಯ ಒಬ್ಬ ಹುಡುಗನನ್ನು ಅಳುತ್ತಾನೆಂದು ಹೊರಗೆ ನಿಲ್ಲಿಸಿದ್ದೆ.

ಇನ್ನು ಚಿತ್ರದ ಮಾತು. ಜೇಕಬ್ ಲಾರೆನ್ಸ್ ಎಂಬ ಹುಡುಗ 1930ರ ಸುಮಾರಿಗೆ ಹಾರ್ಲೆಮ್‌ಗೆ ಬಂದ. ವಯಸ್ಸು ಹದಿಮೂರು. ತಾಯಿ ದಿನವಿಡೀ ದುಡಿಯಬೇಕು. ಶಾಲೆ ಬಿಟ್ಟ ಮೇಲೆ ಮಗ ಬೀದಿಯಲ್ಲಿ ಕೆಡಬಾರದೆಂದು ಬಡಾವಣೆಯ ಮಕ್ಕಳ ಕೇಂದ್ರದಲ್ಲಿದ್ದ ಚಿತ್ರಕಲಾ ತರಗತಿಗೆ ಸೇರಿಸಿದಳು. ಹುಡುಗ ಆರಂಭದಲ್ಲಿ ಏನು ಬಿಡಿಸಿದ ಗೊತ್ತೇ? ಮನೆಯಲ್ಲಿ ತಾಯಿ ಹಾಸಿದ್ದ ಜಮಖಾನೆಗಳ ವಿನ್ಯಾಸ. ಮುಂದೆ ಶಿಲ್ಪಿ ಅಗಸ್ಟಾ ಸ್ಯಾವೇಜ್ ಅವನ ಕೈ ಹಿಡಿದರು. 1923ರಲ್ಲಿ ಫ್ರಾನ್ಸಿನ ಒಂದು ಬೇಸಿಗೆ ಕಲಾಶಾಲೆಗೆ ಆಯ್ಕೆಯಾಗುವ ಅವಕಾಶ ಕಪ್ಪು ಬಣ್ಣದ ಕಾರಣಕ್ಕೆ ತಪ್ಪಿಹೋದ ಮಹಿಳೆ ಅವರು. ಹಾರ್ಲೆಮ್‌ನಲ್ಲಿ ತಾವೇ ಕಲಾಶಾಲೆ ತೆರೆದು ನೂರಾರು ಮಂದಿಗೆ ಕಲಿಸಿದರು.

ಲಾರೆನ್ಸ್‌ಗೆ ಇತಿಹಾಸ ಕಲಿಸಿದ್ದು ಕಾಲೇಜಲ್ಲ, 135ನೇ ಬೀದಿಯ ಲೈಬ್ರರಿ. ಅಲ್ಲಿ ಕುಳಿತು ಓದಿ, ಟಿಪ್ಪಣಿ ಮಾಡಿ, 1938ರಲ್ಲಿ ಟೂಸಾಂ ಲೂವೆರ್ಚರ್‌ನ ಬದುಕನ್ನು 41 ಚಿತ್ರಗಳಲ್ಲಿ ಹೇಳಿದರು. ಒಂದು ಚಿತ್ರ ಸಾಲದು ಎಂದು ಅವರಿಗೆ ಅನಿಸಿತ್ತು. 1941ರಲ್ಲಿ, ಇಪ್ಪತ್ತಮೂರನೇ ವಯಸ್ಸಿನಲ್ಲಿ, ದಕ್ಷಿಣದಿಂದ ಉತ್ತರಕ್ಕೆ ವಲಸೆ ಬಂದ ತಮ್ಮ ಜನರ ಕಥೆಯನ್ನು 60 ಚಿತ್ರಗಳಲ್ಲಿ ಮುಗಿಸಿದರು. ಅರುವತ್ತನ್ನೂ ಒಟ್ಟಿಗೇ ಸಾಲಾಗಿಟ್ಟು, ಒಂದು ಬಣ್ಣ ತೆಗೆದುಕೊಂಡರೆ ಎಲ್ಲದರಲ್ಲೂ ಆ ಬಣ್ಣ ಬರಬೇಕಾದಲ್ಲಿ ಹಚ್ಚಿ, ಆಮೇಲೆ ಮುಂದಿನ ಬಣ್ಣ. ಆದ್ದರಿಂದಲೇ ಮೊದಲ ಚಿತ್ರದ ನೀಲಿಯೂ ಕೊನೆಯ ಚಿತ್ರದ ನೀಲಿಯೂ ಒಂದೇ. ಹಲಗೆಗಳಿಗೆ ಬಿಳಿ ಲೇಪ ಹಾಕಲು, ಅಡಿಬರಹ ತಿದ್ದಲು ನೆರವಾದವರು ಗ್ವೆಂಡೊಲಿನ್ ನೈಟ್, ಅವರೂ ಕಲಾವಿದೆಯೇ. ಅದೇ ವರ್ಷ ಇಬ್ಬರೂ ಮದುವೆಯಾದರು. ಈ ಚಿತ್ರಗಳಲ್ಲಿ ಅರ್ಧ ನ್ಯೂಯಾರ್ಕಿನ ಒಂದು ಮ್ಯೂಸಿಯಂನಲ್ಲಿ, ಇನ್ನರ್ಧ ವಾಷಿಂಗ್ಟನ್ನಿನ ಇನ್ನೊಂದರಲ್ಲಿ ಇವೆ.

ಲೈಬ್ರರಿಯ ನೆಲಮಾಳಿಗೆಯಲ್ಲಿ 1940ರಲ್ಲಿ ಒಂದು ನಾಟಕ ತಂಡ ಹುಟ್ಟಿತು. ಸಿಡ್ನಿ ಪಾಟಿಯರ್, ಹ್ಯಾರಿ ಬೆಲಫಾಂಟೆ, ರೂಬಿ ಡೀ ಅವರಂತಹ ನಟರು ಅಲ್ಲಿಂದ ಬಂದವರು. ನನಗೆ ನಾಟಕ ಸಿನಿಮಾದ ಬಗ್ಗೆ ಹೆಚ್ಚು ತಿಳಿಯದು, ಅಷ್ಟಕ್ಕೆ ಬಿಡುತ್ತೇನೆ.

ನಮ್ಮ ಮನೆಗಳಲ್ಲಿ ಹೆಸರು ಕೇಳಿರುವ ಅಲ್‌ಹಾಜ್ ಮಾಲಿಕ್ ಶಹಬಾಝ್, ಅಂದರೆ ಮಾಲ್ಕಂ ಎಕ್ಸ್, ಅವರ ಕಾಗದ ಪತ್ರಗಳೂ ಈಗ ಇದೇ ಲೈಬ್ರರಿಯಲ್ಲಿವೆ. ಅವರ ಡೈರಿಗಳು, ಪತ್ರಗಳು ಫ್ಲೋರಿಡಾದ ಯಾವುದೋ ಬಾಡಿಗೆ ಗೋದಾಮಿನಲ್ಲಿದ್ದವು. ಬಾಡಿಗೆ ಕಟ್ಟದ ಕಾರಣ ಹರಾಜಾಗಿ ಯಾರ್ಯಾರದೋ ಕೈ ಸೇರುವುದರಲ್ಲಿದ್ದವು. ಅವುಗಳನ್ನು ಮರಳಿ ಪಡೆದ ಕುಟುಂಬದವರು 2003ರ ಸುಮಾರಿಗೆ ಶಾಂಬರ್ಗ್ ಸೆಂಟರ್‌ಗೆ ಒಪ್ಪಿಸಿದರು.

ಮದ್ರಸದಲ್ಲಿ ಕಲಿತ ನನಗೆ ಎಲ್ಲಕ್ಕಿಂತ ಹೆಚ್ಚು ಬೆರಗು ತಂದದ್ದು ಮಾತ್ರ ಬೇರೊಂದು ಲೈಬ್ರರಿಯಲ್ಲಿ ಸಿಕ್ಕಿತು. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಒಂದು ಅರಬಿ ಹಸ್ತಪ್ರತಿ ಇದೆ. 2017ರಲ್ಲಿ ಕೊಂಡದ್ದು, 2019ರಲ್ಲಿ ಎಲ್ಲರೂ ನೋಡುವಂತೆ ಇಂಟರ್‌ನೆಟ್ಟಿಗೆ ಹಾಕಿದರು. ಬರೆದವರು ಉಮರ್ ಇಬ್ನ್ ಸಈದ್. ಈಗಿನ ಸೆನೆಗಲ್ ದೇಶದ ಫೂತಾ ತೋರೊ ಎಂಬಲ್ಲಿ ಇಪ್ಪತ್ತೈದು ವರ್ಷ ದೀನೀ ವಿದ್ಯೆ ಕಲಿತವರು. 1807ರಲ್ಲಿ ಸೆರೆಯಾಗಿ ಅಮೆರಿಕದ ಚಾರ್ಲ್ಸ್‌ಟನ್ ಬಂದರಿನಲ್ಲಿ ಮಾರಾಟವಾದರು. ಕ್ರೂರ ಒಡೆಯನಿಂದ ತಪ್ಪಿಸಿಕೊಂಡು ಓಡಿ, ಸಿಕ್ಕಿಬಿದ್ದು, ಜೈಲಿಗೆ ಹೋದಾಗ ಆ ಗೋಡೆಗಳ ಮೇಲೆ ಅರಬಿಯಲ್ಲಿ ಬರೆದರು. 1831ರಲ್ಲಿ ತಮ್ಮ ಬದುಕಿನ ಕಥೆಯನ್ನು ಹದಿನೈದು ಪುಟಗಳಲ್ಲಿ ಬರೆದರು. ಗುಲಾಮರಾಗಿಯೇ 1860ರ ದಶಕದಲ್ಲಿ ತೀರಿಕೊಂಡರು.

ಶಾಲೆಯ ಕಂಪ್ಯೂಟರಿನಲ್ಲಿ ಆ ಪುಟ ತೆರೆದಾಗ ಮೊದಲು ಓದಲಾಗಲಿಲ್ಲ. ಅದು ಮಗ್ರಿಬೀ ಲಿಪಿ. ಫಾ ಅಕ್ಷರದ ಚುಕ್ಕಿ ಕೆಳಗೆ, ಖಾಫ್‌ಗೆ ಮೇಲೆ ಒಂದೇ ಚುಕ್ಕಿ. ಸ್ವಲ್ಪ ಹೊತ್ತು ದಿಟ್ಟಿಸಿದೆ. ಮತ್ತೆ ಒಮ್ಮೆಲೇ ನಾಲಿಗೆಗೆ ಬಂತು. ಸೂರಃ ಅಲ್‌ಮುಲ್ಕ್! ರಾತ್ರಿ ಮಲಗುವ ಮುನ್ನ ನಾವು ಓದುವ ಅದೇ ಸೂರಃ. ಇನ್ನೊಬ್ಬರ ಒಡೆತನದಲ್ಲಿದ್ದ ಮನುಷ್ಯ, ನಿಜವಾದ ಒಡೆತನ ಯಾರದ್ದೆಂದು ಹೇಳುವ ಸೂರಃದಿಂದ ತನ್ನ ಕಥೆ ಆರಂಭಿಸಿದ್ದಾನೆ. ಆಮೇಲೆ, ತನ್ನ ಭಾಷೆಯೂ ಅರಬಿಯೂ ಬಹಳಷ್ಟು ಮರೆತುಹೋಗಿದೆ ಎಂದು ಬರೆದಿದ್ದಾನೆ. ನನ್ನ ಜೊತೆ ಕುಳಿತಿದ್ದ ಅರಬಿ ಟೀಚರ್ ಕಣ್ಣೊರೆಸಿಕೊಂಡರು. ಉಮರ್ ಚರ್ಚಿನಲ್ಲಿ ದೀಕ್ಷೆ ಪಡೆದಿದ್ದರು ಎಂಬುದೂ ದಾಖಲೆಯಲ್ಲಿದೆ. ಅವರ ಮನಸ್ಸಿನಲ್ಲಿ ಏನಿತ್ತು ಎಂದು ವಿದ್ವಾಂಸರು ಚರ್ಚಿಸುತ್ತಲೇ ಇದ್ದಾರೆ. ಅದನ್ನು ಅಲ್ಲಾಹನೇ ಬಲ್ಲ. ಅದನ್ನು ಮುಚ್ಚಿಟ್ಟು ಕಥೆ ಹೇಳುವುದು ನನಗೆ ಸರಿಕಾಣಲಿಲ್ಲ. ಈ ಬದುಕನ್ನು ಆಧರಿಸಿ ರಿಯಾನನ್ ಗಿಡನ್ಸ್ ಮತ್ತು ಮೈಕಲ್ ಏಬಲ್ಸ್ ರಚಿಸಿದ ಸಂಗೀತ ನಾಟಕ 2022ರಲ್ಲಿ ಮೊದಲ ಬಾರಿ ಪ್ರದರ್ಶನವಾದದ್ದು ಅದೇ ಚಾರ್ಲ್ಸ್‌ಟನ್ ಊರಿನಲ್ಲಿ. 2023ರಲ್ಲಿ ಅದಕ್ಕೆ ಪುಲಿಟ್ಝರ್ ಪ್ರಶಸ್ತಿ ಬಂತು.

ಇಷ್ಟನ್ನೂ ಆ ಹುಡುಗಿಗೆ ಸ್ವಲ್ಪ ಸ್ವಲ್ಪವಾಗಿ ಹೇಳುತ್ತಾ ಬಂದೆ. ಅವಳು ಗಮನವಿಟ್ಟು ಕೇಳುತ್ತಿದ್ದಳು. ಆದರೆ ಎಲ್ಲವೂ ಅಮೆರಿಕದ ಕಥೆ. ಅವಳ ಊರು ಹಳಿಯಾಳ. ನನಗೇ ಸಂಕೋಚವಾಗತೊಡಗಿತು. ಅಷ್ಟರಲ್ಲಿ ಶಾಂಬರ್ಗ್ ಸೆಂಟರಿನ ಹಳೆಯ ಪ್ರದರ್ಶನಗಳ ಬಗ್ಗೆ ಓದುತ್ತಿದ್ದಾಗ ಎದೆ ಝಲ್ಲೆಂದಿತು.

2013ರಲ್ಲಿ ಅಲ್ಲಿ ಭಾರತದಲ್ಲಿದ್ದ ಆಫ್ರಿಕನ್ನರ ಬಗ್ಗೆ ಒಂದು ಪ್ರದರ್ಶನ ನಡೆಯಿತು. ಗುಲಾಮರಾಗಿ ಬಂದು ಸೇನಾಪತಿಗಳಾದವರು, ಆಳಿದವರು. ಅಹ್ಮದ್‌ನಗರದ ಮಲಿಕ್ ಅಂಬರ್, ಮತ್ತು ನಮ್ಮ ಬಿಜಾಪುರದ ಹಬ್ಶಿ ಪ್ರಧಾನಿ ಇಖ್ಲಾಸ್ ಖಾನ್. ಗೋಳಗುಮ್ಮಟದಲ್ಲಿ ಮಲಗಿರುವ ಮುಹಮ್ಮದ್ ಆದಿಲ್ ಶಾಹನ ಕಾಲದ ಪ್ರಧಾನಿ ಅವರು. ಸಹೋದರಿಯರೇ, ನಾನು ಗೋಳಗುಮ್ಮಟಕ್ಕೆ ಮೂರು ಬಾರಿ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೆ. ಮೇಲೆ ಹತ್ತಿ ಕೂಗಿಸಿ, ಎಷ್ಟು ಸಲ ಪ್ರತಿಧ್ವನಿ ಬಂತು ಎಂದು ಎಣಿಸಿ ಬಂದಿದ್ದೇವೆ. ಒಮ್ಮೆಯೂ ಆ ಹೆಸರು ನನ್ನ ಬಾಯಿಯಿಂದ ಬಂದಿಲ್ಲ.

ಅದಕ್ಕೂ ಮೊದಲು, 2011ರಲ್ಲಿ, ಅದೇ ಹಾರ್ಲೆಮ್‌ನಲ್ಲಿ ಇನ್ನೊಂದು ಪ್ರದರ್ಶನ ಇತ್ತು. ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಹೆಂಗಸರು ಹೊಲಿದ ಕೌದಿಗಳದ್ದು! ಅವರು ಅದಕ್ಕೆ ಕವಂದ್ ಎನ್ನುತ್ತಾರೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇಲ್ಲಿಗೆ ಬಂದು, ಈ ಹೆಂಗಸರ ಜೊತೆ ಕೂತು, ಹೊಲಿಗೆಯನ್ನು ಅಧ್ಯಯನ ಮಾಡಿ, 2004ರಲ್ಲಿ ಅವರದೇ ಒಂದು ಸಹಕಾರಿ ಗುಂಪು ಕಟ್ಟಲು ನೆರವಾದವರು. ಹಳೆಯ ಸೀರೆ, ಹರಿದ ಲಂಗ, ಅಂಗಿಯ ತುಂಡು, ಏನೂ ವ್ಯರ್ಥವಿಲ್ಲ. ಒಂದು ಮೂಲೆಯಿಂದ ಆರಂಭಿಸಿ ಅಂಚಿನ ಸುತ್ತ ಸುತ್ತಿಕೊಂಡು ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗಳಲ್ಲೂ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಒಂದರ ಮೇಲೊಂದಿಟ್ಟು ಹೊಲಿದ ಹೂವು ಇರಬೇಕು, ಅದಕ್ಕೆ ಫೂಲ ಎಂದು ಹೆಸರು. ಹೂವಿಲ್ಲದ ಕವಂದ್ ಬೆತ್ತಲೆ ಎಂಬುದು ಅವರ ಮಾತು. ಕ್ರೈಸ್ತ ಹೆಂಗಸರು ಶಿಲುಬೆ ಹೊಲಿಯುವುದುಂಟು, ಮುಸ್ಲಿಂ ಹೆಂಗಸರು ಅರ್ಧಚಂದ್ರ.

ನೋಡಿ, ಒಬ್ಬ ಹುಡುಗನಿಗೆ ನಿನಗೆ ಇತಿಹಾಸವಿಲ್ಲ ಎಂದರು. ಅವನು ಕಟ್ಟಿದ ಲೈಬ್ರರಿಯ ಗೋಡೆಯ ಮೇಲೆ ನಮ್ಮ ಕಾಡಿನಂಚಿನ ಹೆಂಗಸರ ಕೈಹೊಲಿಗೆ ನೇತಾಡಿತು. ನೋಡಲು ಹಾರ್ಲೆಮ್‌ನ ಜನ ಬಂದರು. ನಾವು ಮಾತ್ರ ಇಲ್ಲೇ ಇದ್ದೂ ನೋಡಿಲ್ಲ. ಇದನ್ನು ಬರೆಯುವಾಗ ನನ್ನ ಮೇಜಿನ ಮೇಲಿರುವ ಪತ್ರಿಕೆಯ ವಿವಾಹ ಜಾಹೀರಾತಿನಲ್ಲಿ ಬೆಳ್ಳಗಿನ ಹುಡುಗಿ ಬೇಕೆಂದು ನಾಲ್ಕು ಕಡೆ ಇದೆ. ನಾಲ್ಕೂ ದೀನೀ ಕುಟುಂಬಗಳೇ.

ಮರುದಿನ ಆ ಹುಡುಗಿಯನ್ನು ಕರೆದು ಕೇಳಿದೆ, ನಿಮ್ಮ ಮನೆಯಲ್ಲಿ ಕವಂದ್ ಇದೆಯಾ? ಅವಳು ನಕ್ಕಳು. "ಹಾಸ್ಟೆಲಿನಲ್ಲೇ ಇದೆ ಟೀಚರ್. ಯಾರಾದರೂ ನೋಡ್ತಾರೆ ಅಂತ ಪೆಟ್ಟಿಗೆಯ ಅಡಿಯಲ್ಲಿಟ್ಟಿದ್ದೆ. ಅಜ್ಜಿ ಹೊಲಿದದ್ದು."

ತಂದಳು. ತರಗತಿಯ ನಾಲ್ಕು ಬೆಂಚು ಜೋಡಿಸಿ ಅದರ ಮೇಲೆ ಹಾಸಿದೆವು. ಮಕ್ಕಳೆಲ್ಲ ಸುತ್ತ ನಿಂತರು. ಇದು ಉಮ್ಮನ ನಿಕಾಹ್‌ನ ಸೀರೆ, ಇದು ಕಾಕಾನ ಶಾಲೆಯ ಅಂಗಿ, ಇದು ನನ್ನದೇ ಫ್ರಾಕು ಎಂದು ಒಂದೊಂದು ತುಂಡನ್ನೂ ಬೆರಳಿಟ್ಟು ತೋರಿಸಿದಳು. ಕೂದಲೆಳೆದಿದ್ದ ಹುಡುಗಿ ಮೂಲೆಯ ಹೂವನ್ನು ಮುಟ್ಟಿ, ಇದನ್ನು ಹೇಗೆ ಮಡಚುತ್ತಾರೆ ಎಂದು ಕೇಳಿದಳು. ನಾನು ಗೋಡೆಗೆ ಅಂಟಿಸಲು ಒಂದು ಚೀಟಿ ಬರೆದೆ. ಕವಂದ್ ಎಂದು ಬರೆದು, ಹೊಲಿದವರ ಹೆಸರು ಎಂಬಲ್ಲಿ ನಿಲ್ಲಿಸಿ ಅವಳ ಮುಖ ನೋಡಿದೆ. ಅವಳು ಅಜ್ಜಿಯ ಪೂರ್ತಿ ಹೆಸರನ್ನು ಅಕ್ಷರ ಬಿಡಿಸಿ ಹೇಳಿದಳು.

ಒಂದು ವರ್ಷ ಇಲ್ಲೇ ಗೋಡೆಯಲ್ಲಿರಲಿ ಎಂದು ಹೆಡ್‌ಮಾಸ್ಟರ್ ಕೇಳಿದರು. ಅವಳು ಅಜ್ಜಿಗೆ ಫೋನ್ ಮಾಡಿ ಕೇಳಿಕೊಂಡು ಬಂದಳು. "ಇಡಬಹುದಂತೆ ಟೀಚರ್. ಆದರೆ ಚಳಿ ಶುರುವಾಗುವ ಮೊದಲು ವಾಪಸ್ ಕೊಡಬೇಕಂತೆ. ಹೊದೆಯಲು ಬೇಕಲ್ಲ."